ಸಿದ್ದಿ ಕೇರಿಯಲ್ಲೇ ಸನ್ಮಾನ: ನಾವು ಮಾಡಿದ ರೀತಿ

ಉತ್ತರ ಕನ್ನಡದ ಯಲ್ಲಾಪುರದ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಸಾಧಕರನ್ನು ಅವರ ಕೇರಿಗೇ ಹೋಗಿ ಸನ್ಮಾನಿಸೋಣ ಎಂದಾಗ ನಮ್ಮ ಬಳಗದಲ್ಲೇ ಅರ್ಧ ಜನ ಒಪ್ಪಿರಲಿಲ್ಲ. "ಕಾಡೊಳಗೆ ಯಾರು ಬರ್ತಾರೆ ಮಾರಾಯಾ? ಖುರ್ಚಿ ಖಾಲಿ ಇರ್ತದೆ" ಎಂದರು. ಈ ಸಲ ಖುರ್ಚಿ ಸಾಲದೆ ಮನೆಮನೆಯಿಂದ ಚಾಪೆ ತರಿಸಿದೆವು. ಇನ್ನೂರು ಇನ್ನೂರೈವತ್ತು ಜನ ಇದ್ದರು. ಹೀಗಾಗಿ ಬರೆಯುತ್ತಿದ್ದೇನೆ.

ಕಾರ್ಯಕ್ರಮ ಮಾಡಿಸಿ ಅಭ್ಯಾಸ ಇರುವವರಿಗೆ ಶಾಮಿಯಾನ, ಮೈಕು, ಆಮಂತ್ರಣ ಪತ್ರಿಕೆಯ ಬಗ್ಗೆ ಹೇಳಬೇಕಾಗಿಲ್ಲ. ಹಳೆಯ ರೀತಿ ಎಲ್ಲಿ ಕೈಕೊಡುತ್ತಿತ್ತು ಅನ್ನೋದನ್ನು ಮಾತ್ರ ಹೇಳುತ್ತೇನೆ. ಪೇಟೆಯ ಸಭಾಭವನದಲ್ಲಿ ಮಾಡುತ್ತಿದ್ದಾಗ ಡಮಾಮಿ (ಸಿದ್ದಿಗಳ ಚರ್ಮವಾದ್ಯ, ಅದರ ತಾಳದ ಕುಣಿತಕ್ಕೂ ಅದೇ ಹೆಸರು) ತಂಡ ಬೆಳಿಗ್ಗೆಯೇ ಬಸ್ಸು ಹಿಡಿದು ಬರಬೇಕಿತ್ತು. ಅವತ್ತಿನ ಕೂಲಿ ಹೋಯಿತು. ಅತಿಥಿಗಳು ತಡವಾಗಿ ಬರುತ್ತಿದ್ದರು, ಭಾಷಣ ಮುಗಿಯುವಾಗ ಮಧ್ಯಾಹ್ನ. ಕುಣಿತಕ್ಕೆ ಸಿಗುತ್ತಿದ್ದುದು ಊಟದ ಹೊತ್ತಿನ ಹತ್ತು ನಿಮಿಷ. ತಲೆಮಾರುಗಳಿಂದ ಡಮಾಮಿ ಉಳಿಸಿಕೊಂಡು ಬಂದವರು ಎಲೆ ಮುಂದೆ ಕೂತವರ ಎದುರು ಕುಣಿಯಬೇಕಿತ್ತು. ನನಗದು ಸಹಿಸಲು ಆಗುತ್ತಿರಲಿಲ್ಲ.

ದುಡ್ಡಿನ ಲೆಕ್ಕ ನೋಡಿ. ಬಾಡಿಗೆ, ಫ್ಲೆಕ್ಸು, ಅತಿಥಿಗಳ ವಾಹನ, ಊಟ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಸೇರಿ ನಲವತ್ತೈದು ಸಾವಿರದ ಹತ್ತಿರ ಆಗುತ್ತಿತ್ತು. ಅದರಲ್ಲಿ ಸನ್ಮಾನಿತರ ಕೈಗೆ ಬಂದ ನಗದು ಸೊನ್ನೆ. ಗಾಜಿನ ಸ್ಮರಣಿಕೆ ಇಡಲು ಎಷ್ಟೋ ಮನೆಗಳಲ್ಲಿ ಜಾಗವೂ ಇಲ್ಲ.

ಈ ಸಲ ಶಾಲಿನ ಬದಲು ಕೌದಿ ಹೊದಿಸಿದೆವು. ಸಿದ್ದಿ ಹೆಂಗಸರ ಕೌದಿ ನೋಡಿದವರಿಗೆ ಗೊತ್ತು, ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿದ ಹೂವು ಕೂರದಿದ್ದರೆ ಕೌದಿ ಮುಗಿದ ಹಾಗಲ್ಲ. ಒಂದಕ್ಕೆ ಸುಮಾರು ಮೂರು ಸಾವಿರ ಕೊಟ್ಟೆವು. ನಾಲ್ಕು ಜನರಿಗೆ ನಾಲ್ಕು ಕೌದಿ, ಅದೇ ಕೇರಿಯವರು ಹೊಲಿದದ್ದು. ಜೊತೆಗೆ ಪ್ರತಿಯೊಬ್ಬರಿಗೂ ಅಷ್ಟೇ ನಗದು. ಊಟಕ್ಕೆ ಎಂಟು ಸಾವಿರ, ಮೈಕು ಮತ್ತು ದೀಪಕ್ಕೆ ನಾಲ್ಕು, ಅಭಿನಂದನಾ ಪತ್ರಕ್ಕೆ ಎರಡು. ಒಟ್ಟು ಮೂವತ್ತೆಂಟು ಸಾವಿರದ ಆಸುಪಾಸು. ಖರ್ಚು ಕಡಿಮೆ, ಅರ್ಧಕ್ಕಿಂತ ಹೆಚ್ಚು ದುಡ್ಡು ಕೇರಿಯಲ್ಲೇ ಉಳಿಯಿತು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಹಳೆ ಕೌದಿಗಳನ್ನೇ ವೇದಿಕೆಯ ಹಿಂದೆ ಕಟ್ಟಿದ್ದರಿಂದ ಫ್ಲೆಕ್ಸಿನ ಖರ್ಚೂ ಇಲ್ಲ. ಹೊಲಿಗೆ ಯಂತ್ರದಲ್ಲಿ ಬೇಗ ಮುಗಿಸಬಹುದಾ ಅಂತ ನಮ್ಮಲ್ಲೊಬ್ಬರು ಒಂದನ್ನು ಹೊಲಿಸಿಯೂ ನೋಡಿದರು. ನಡುವೆ ಪದರ ದಪ್ಪವಾಗಿ ಸೂಜಿ ಮುರಿಯಿತು, ಮೂಲೆಯ ಹೂವು ಕೂರಲೇ ಇಲ್ಲ. ಕೈಹೊಲಿಗೆಯೇ ಸರಿ.

ಯಾರನ್ನು ಆರಿಸುವುದು? ಅರ್ಜಿ ಕರೆದರೆ ಓದುಬರಹ ಬಲ್ಲವರ ಹೆಸರೇ ಬರುತ್ತದೆ. ಅದಕ್ಕೇ ಕುಣಿಯುವವರನ್ನು, ಹೊಲಿಯುವವರನ್ನು, ಶಾಲೆಗೆ ಹೋಗುವ ಮಕ್ಕಳನ್ನು ಒಂದೇ ಪ್ರಶ್ನೆ ಕೇಳಿದೆವು: "ನಿಮಗೆ ಇದು ಯಾರು ಕಲಿಸಿದ್ದು?" ನಾಲ್ಕಾರು ಮನೆ ದಾಟುವಷ್ಟರಲ್ಲಿ ಅವೇ ಹೆಸರು ತಿರುತಿರುಗಿ ಬಂದವು. ಡಮಾಮಿ ಪದಗಳನ್ನು ಪೂರ್ತಿ ಬಲ್ಲ ಅಜ್ಜಿ, ಹುಡುಗಿಯರಿಗೆ ಕೌದಿ ಕಲಿಸುವ ಅಕ್ಕ, ಸಂಜೆ ಮಕ್ಕಳನ್ನು ಕೂರಿಸಿ ಪಾಠ ಹೇಳುವ ಪದವೀಧರ ಹುಡುಗಿ. ನಾಲ್ಕನೆಯವರು, ವಸತಿ ಶಾಲೆಯಿಂದ ಓಡಿಬಂದ ಮಕ್ಕಳನ್ನು ತಾವೇ ಬಸ್ಸು ಹತ್ತಿಸಿಕೊಂಡು ವಾಪಸ್ ಬಿಟ್ಟುಬರುವ ಹಿರಿಯರು. ಇಂಥವರು ಇಲ್ಲದಿದ್ದರೆ ಎಷ್ಟು ಮಕ್ಕಳ ಓದು ಅರ್ಧಕ್ಕೇ ನಿಲ್ಲುತ್ತಿತ್ತು ಅಲ್ವಾ?

ಸಂಜೆ ಆರರ ನಂತರ ಶುರುಮಾಡಿದೆವು, ಯಾರ ಕೂಲಿಯೂ ತಪ್ಪಲಿಲ್ಲ. ಮೊದಲು ಡಮಾಮಿ, ಆಮೇಲೆ ಹೆಂಗಸರ ಪುಗಡಿ ಕುಣಿತ, ಆಮೇಲೆ ಸನ್ಮಾನ. ಅಭಿನಂದನಾ ಪತ್ರವನ್ನು ಕೇರಿಯ ಮಕ್ಕಳೇ ಓದಿದರು. ಅತಿಥಿಗಳ ಮಾತು ಮೂರು ನಿಮಿಷ ದಾಟಲಿಲ್ಲ. ಅದಕ್ಕೊಂದು ಉಪಾಯ ಇದೆ. ಇಲ್ಲಿ ಬರೆದರೆ ಮುಂದಿನ ಸಲ ನಡೆಯೋದಿಲ್ಲ, ಬೇಕಾದವರು ಎದುರಿಗೆ ಸಿಕ್ಕಾಗ ಕೇಳಿ.

ನಡುವೆ ಒಂದು ಪ್ರಯೋಗ ಮಾಡಿದೆವು. ಬಿಳಿ ಪಂಚೆಯನ್ನೇ ಪರದೆಯಾಗಿ ಕಟ್ಟಿ ಗುಜರಾತಿನ ಸಿದ್ದಿಗಳ ಧಮಾಲ್ ಕುಣಿತದ ವಿಡಿಯೋ ತೋರಿಸಿದೆವು. ಅಲ್ಲಿನ ಜಂಬೂರಿನ ಸಿದ್ದಿ ಸಮಾಜ ಸೇವಕಿ ಹೀರಾಬಾಯಿ ಲೋಬಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದನ್ನು ಹೇಳಿದೆವು. ಅದೇ ವರ್ಷ ನಮ್ಮ ಜಿಲ್ಲೆಯ ಹುಸೇನಾಬಿ ಸಿದ್ದಿ ಅವರಿಗೆ ಜಾನಪದಕ್ಕಾಗಿ ರಾಜ್ಯೋತ್ಸವ ಪ್ರಶಸ್ತಿ ಬಂದಿತ್ತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದ ಸುದ್ದಿ ಎಲ್ಲರಿಗೂ ಗೊತ್ತಿತ್ತು, ಗುಜರಾತಿನದು ಗೊತ್ತಿರಲಿಲ್ಲ. ಆಫ್ರಿಕಾದ ಮೂಲ ಒಂದೇ, ಭಾಷೆ ಬೇರೆ. ವಿಡಿಯೋ ಮುಗಿಯುವ ಮೊದಲೇ ಹುಡುಗರು ಡಮಾಮಿ ಎತ್ತಿಕೊಂಡು ಆ ತಾಳಕ್ಕೆ ಬಾರಿಸತೊಡಗಿದರು. ಅರ್ಧ ಗಂಟೆ ಕಾರ್ಯಕ್ರಮ ನಿಂತೇಹೋಯಿತು, ನಾವೂ ತಡೆಯಲಿಲ್ಲ.

ಕಾಗದದ ವಿಷಯಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದೆ. ಸರ್ಕಾರ ಕೊಡುವ ಕಲಾವಿದರ ಮಾಸಾಶನಕ್ಕೆ 58 ವರ್ಷ ತುಂಬಿರಬೇಕು, ಕಲಾಸೇವೆಗೆ ದಾಖಲೆ ಬೇಕು. ಕಾಡಿನ ಕೇರಿಯಲ್ಲಿ ಕುಣಿದವರ ಹತ್ತಿರ ಆಮಂತ್ರಣ ಪತ್ರಿಕೆ, ಫೋಟೋ, ಪತ್ರಿಕಾ ವರದಿ ಎಲ್ಲಿಂದ ಬರಬೇಕು? ಅದಕ್ಕೇ ಅಭಿನಂದನಾ ಪತ್ರದಲ್ಲಿ ಹೊಗಳಿಕೆ ಕಡಿಮೆ ಮಾಡಿ, ಯಾವ ಕಲೆ, ಎಷ್ಟು ವರ್ಷದಿಂದ, ಎಲ್ಲೆಲ್ಲಿ ಕುಣಿದಿದ್ದಾರೆ, ಯಾರಿಗೆ ಕಲಿಸಿದ್ದಾರೆ ಅನ್ನೋದನ್ನು ತಾರೀಖಿನ ಜೊತೆ ಬರೆಸಿದೆವು. ಹೆಸರು ಆಧಾರ್ ಕಾರ್ಡಿನಲ್ಲಿ ಇರುವ ಹಾಗೇ ಅಚ್ಚಾಗಬೇಕು, ಒಂದಕ್ಷರವೂ ಬದಲಾಗಬಾರದು. ಆಮಂತ್ರಣ ಪತ್ರಿಕೆಯಲ್ಲಿ ತಂಡದ ಪ್ರತಿಯೊಬ್ಬರ ಹೆಸರು ಹಾಕಿಸಿದೆವು. ಸುಮ್ನೆ "ಸಿದ್ದಿ ತಂಡದಿಂದ ನೃತ್ಯ" ಅಂತ ಹಾಕಿದರೆ ಯಾರಿಗೂ ಉಪಯೋಗವಿಲ್ಲ. ಅಜ್ಜಿಯ ಅರ್ಜಿ ಈಗ ಹೋಗಿದೆ.

ಮುಂಡಗೋಡ ಕಡೆಯವರು ನಮ್ಮ ಪತ್ರದ ನಮೂನೆ ಕೇಳಿದ್ದಾರೆ, ಕೊಟ್ಟಿದ್ದೇನೆ. ನೀವೂ ಮಾಡುವುದಿದ್ದರೆ ಕೌದಿಗೆ ಎರಡು ತಿಂಗಳು ಮೊದಲೇ ಹೇಳಿ, ಅರ್ಧ ದುಡ್ಡು ಮುಂಗಡ ಕೊಡಿ. ಬೆಲೆಯಲ್ಲಿ ಚೌಕಾಸಿ ಮಾಡಬೇಡಿ.