ಗದ್ದೆ ಬದಿಯ ಮನೆಗೆ ನೆಲಮಾಳಿಗೆ ಬೇಡ ಅಂದಿದ್ದು

ಅಮೆರಿಕದ ಮಿನ್ನೆಸೋಟಾದಲ್ಲಿರುವ ನಮ್ಮೂರಿನವರೊಬ್ಬರು ಕುಂದಾಪುರದ ಹತ್ತಿರ ಮನೆ ಕಟ್ಟಿಸಲು ನನ್ನನ್ನು ಕರೆದರು. ನೆಲದಡಿಯಲ್ಲಿ ಒಂದು ಹೋಮ್ ಥಿಯೇಟರ್ ಬೇಕೇ ಬೇಕು ಅಂದರು. "ಅಲ್ಲಿ ಎಲ್ಲರ ಮನೆಯಲ್ಲೂ ಬೇಸ್‌ಮೆಂಟ್ ಇದೆ ಮಾರಾಯ್ರೆ, ಇಲ್ಲಿ ಯಾಕೆ ಆಗುವುದಿಲ್ಲ?"

ಕೇಳಬೇಕಾದ ಪ್ರಶ್ನೆಯೇ. ಅಲ್ಲಿನ ಚಳಿಗೆ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಮೇಲಿರುವ ಪಾಯವನ್ನೂ ಎತ್ತುತ್ತದೆ. ಹಾಗಾಗಿ ಪಾಯ ಮಣ್ಣು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಇಳಿಯಬೇಕು. ಮಿನ್ನೆಸೋಟಾದ ಕಟ್ಟಡ ನಿಯಮದಲ್ಲಿ ಈ ಆಳ ದಕ್ಷಿಣದ ಕಡೆ 42 ಇಂಚು, ಉತ್ತರದ ಕಡೆ 60 ಇಂಚು. ಹೇಗೂ ಅಷ್ಟು ಅಗೆದಾಗಿದೆ, ಇನ್ನು ಮೂರ್ನಾಲ್ಕು ಅಡಿ ಅಗೆದರೆ ಒಂದು ಕೋಣೆ ಸಿಕ್ಕಿತು. ನಮಗೆ ಆ ಚಳಿಯ ಕಾಟ ಇಲ್ಲ. ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ) ಸಿಕ್ಕಿದಲ್ಲಿ ಪಾಯ ಕೂರಿಸಿದರೆ ಆಯಿತು.

ನಮ್ಮ ಕಾಟ ನೀರಿನದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅವರ ಜಾಗ ಗದ್ದೆಗೆ ತಾಗಿಕೊಂಡೇ ಇದೆ. ಜುಲೈನಲ್ಲಿ ರಜೆಗೆ ಬಂದಾಗ ಅವರನ್ನು ಅದೇ ಜಾಗದ ಬಾವಿ ಹತ್ತಿರ ನಿಲ್ಲಿಸಿದೆ. ಹಗ್ಗವೇ ಬೇಡ, ಬಗ್ಗಿ ಕೊಡಪಾನ ಮುಳುಗಿಸಬಹುದು, ಅಷ್ಟು ಮೇಲೆ ನೀರು. ನಮ್ಮ ಮೇಸ್ತ್ರಿ ಸುಮ್ನಿರಲಿಲ್ಲ, "ಇಲ್ಲ್ ತೋಡ್ರೆ ಬಾವಿ ಆತ್ತ್" ಅಂದುಬಿಟ್ಟರು.

ವಾಟರ್‌ಪ್ರೂಫಿಂಗ್ ಮಾಡಿಸಿದರೆ ಆಯಿತಲ್ವಾ ಅಂತ ಅವರ ಮುಂದಿನ ಮಾತು. ಸೋರಿಕೆ ತಡೆಯಬಹುದು, ಆದರೆ ನೀರು ಕೆಳಗಿನಿಂದ ಎತ್ತುವುದನ್ನು ಯಾವ ಕೋಟಿಂಗೂ ತಡೆಯುವುದಿಲ್ಲ. ಅಲ್ಲೇ ಲೆಕ್ಕ ಹಾಕಿ ತೋರಿಸಿದೆ. ಕೋಣೆ 20 ಅಡಿ ಉದ್ದ, 15 ಅಡಿ ಅಗಲ, ಅಂದರೆ ಸುಮಾರು 28 ಚದರ ಮೀಟರ್. ಹೊರಗಿನ ನೀರು ಕೋಣೆಯ ತಳಕ್ಕಿಂತ 2.2 ಮೀಟರ್ ಮೇಲೆ ನಿಂತರೆ ತಳದ ಪ್ರತಿ ಚದರ ಮೀಟರಿಗೆ 2.2 ಟನ್ ಮೇಲ್ಮುಖ ಒತ್ತಡ. ಒಟ್ಟು 60 ಟನ್ ದಾಟುತ್ತದೆ. ಎಂಟು ಇಂಚಿನ ಕಾಂಕ್ರೀಟ್ ಗೋಡೆ, ತಳ, ಮೇಲಿನ ಸ್ಲ್ಯಾಬ್ ಎಲ್ಲ ಸೇರಿದರೂ ತೂಕ 50 ಟನ್ನಿನ ಹತ್ತಿರ. ಮೇಲೆ ಮನೆ ಏಳುವ ಮೊದಲು ಮಳೆ ಹಿಡಿದು, ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತರೆ ಇಡೀ ಕೋಣೆ ದೋಣಿಯ ಹಾಗೆ ಏಳಬಹುದು. (ಮಳೆಗಾಲದಲ್ಲಿ ನೆಲದೊಳಗಿನ ಸಂಪನ್ನು ಖಾಲಿ ಬಿಡಬೇಡಿ ಅನ್ನುವುದೂ ಇದಕ್ಕೇ.) ತಳ ದಪ್ಪ ಮಾಡಿ ತೂಕ ಏರಿಸಬಹುದು, ಆದರೆ ಆ ದುಡ್ಡಿನಲ್ಲಿ ಮೇಲೊಂದು ಮಹಡಿಯನ್ನೇ ಎಬ್ಬಿಸಬಹುದು.

ಇನ್ನೊಂದು ಭಯ ಶೇಡಿ ಮಣ್ಣಿನದು. ಮೇಲೆ ಮುರಕಲ್ಲು ಇರುತ್ತದೆ, ಅದರಡಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ. ಒಣಗಿದ್ದಾಗ ಪಿಕಾಸಿಗೂ ಜಗ್ಗದು. ಒದ್ದೆಯಾಯಿತೋ, ಬೆರಳಲ್ಲಿ ಹಿಸುಕಿದರೆ ಪೇಸ್ಟ್. ಎಂಟೊಂಬತ್ತು ಅಡಿ ನೇರಕ್ಕೆ ಕಡಿದ ಬದಿ ಮಳೆಗೆ ಕುಸಿದರೆ ಪಕ್ಕದವರ ಕಂಪೌಂಡ್ ಗೋಡೆಯೂ ಜೊತೆಗೆ ಬರುತ್ತದೆ.

ನಮ್ಮ ಹಿರಿಯರು ಭತ್ತವನ್ನು ನೆಲದೊಳಗೆ ಇಡಲಿಲ್ಲ. ಅಕ್ಕಿಯನ್ನು ಹುಲ್ಲಿನ ಮುಡಿ ಕಟ್ಟಿ ಮೇಲೆ ಇಟ್ಟರು. ಅದೇ ಬಯಲುಸೀಮೆಯವರು ಹಗೇವು, ಅಂದರೆ ನೆಲದಡಿಯ ಕಣಜ, ತೋಡಿ ಜೋಳ ತುಂಬಿಡುತ್ತಿದ್ದರು. ಅಲ್ಲಿ ಮಳೆ ಕಡಿಮೆ, ನೆಲದಡಿ ಒಣಗಿಯೇ ಇರುತ್ತಿತ್ತು.

ಕೊನೆಗೆ ಪಾಯವನ್ನು ಮುರಕಲ್ಲಿನ ಮೇಲೆ ಕೂರಿಸಿ, ಪ್ಲಿಂತ್ ಬೀಮ್ (ಪಾಯದ ಮೇಲಿನ ಕಾಂಕ್ರೀಟ್ ತೊಲೆ) ಹಾಕಿ, ಮನೆಯ ನೆಲವನ್ನು ಗದ್ದೆ ಮಟ್ಟಕ್ಕಿಂತ ಮೂರಡಿ ಮೇಲೆ ತಂದೆವು. ಥಿಯೇಟರ್ ಉಪ್ಪರಿಗೆಗೆ ಹೋಯಿತು. ಮಳೆಯ ಸದ್ದಿಗೆ ಸಿನೆಮಾ ಕೇಳುವುದಿಲ್ಲ ಅಂತ ಅವರು ಗೊಣಗಿದ್ದು ನಿಜ. ಹಂಚಿನ ಕೆಳಗೆ ಸ್ಲ್ಯಾಬ್ ಹಾಕಿದ ಮೇಲೆ ಸದ್ದು ಕಡಿಮೆಯಾಯಿತು.

ಕರಾವಳಿಯಲ್ಲಿ ಕೆಳಗೊಂದು ಕೋಣೆ ಸಾಧ್ಯವೇ ಇಲ್ಲ ಅಂತಲ್ಲ. ಮಣಿಪಾಲ, ಮಂಗಳೂರಿನಂಥ ಗುಡ್ಡದ ಇಳಿಜಾರಿನಲ್ಲಿ ಒಂದು ಬದಿ ಪೂರ್ತಿ ತೆರೆದಿರುವ ಕೆಳ ಅಂತಸ್ತು ಕಟ್ಟಬಹುದು. ಹಿಂದಿನ ಗೋಡೆಯ ಹೊರಬದಿಗೆ ಜಲ್ಲಿ ತುಂಬಿ, ಬುಡದಲ್ಲಿ ತೂತಿನ ಪೈಪ್ ಮಲಗಿಸಿ, ಅದರ ಬಾಯಿಯನ್ನು ಇಳಿಜಾರಿನ ಕಡೆ ಬಿಡಬೇಕು. ನೀರು ಪಂಪ್ ಇಲ್ಲದೆ ತಾನಾಗಿ ಹೊರಗೆ ಹೋಗುವ ಜಾಗವಿದ್ದರೆ ನಾನೇ ಕಟ್ಟಿಕೊಡುತ್ತೇನೆ.