ಬಂದರು ವಿದೇಶಿ ಕಂಪನಿ ಪಾಲಾಯ್ತು ಅಂತ ಸುದ್ದಿ ಬಂದ್ರೆ ಏನೇನು ನೋಡ್ಬೇಕು

"ಬಂದರು ಮಾರಿಬಿಟ್ರು" ಅಂತ ಮೆಸೇಜ್ ಬಂದ ತಕ್ಷಣ ಫಾರ್ವರ್ಡ್ ಮಾಡ್ಬೇಡಿ, ಮೊದ್ಲು ಕೈ ಬದಲಾಗಿರೋದು ಏನು ಅಂತ ಹುಡುಕಿ. ಜಾಗನಾ, ಒಂದು ಟರ್ಮಿನಲ್ಲಾ (ಬಂದರೊಳಗೆ ಸರಕು ಹತ್ತಿಸಿ ಇಳಿಸೋ ಒಂದು ಭಾಗ), ಇಲ್ಲಾ ಹಡಗಿಂದ ಕಂಟೇನರ್ ಇಳಿಸೋ ಕೆಲಸ ಮಾತ್ರನಾ?

2006ರಲ್ಲಿ ಅಮೆರಿಕಾದಲ್ಲಿ ಇದೇ ಗೊಂದಲ ಆಗಿದ್ದು. ದುಬೈ ಸರ್ಕಾರದ ಡಿಪಿ ವರ್ಲ್ಡ್ ಕಂಪನಿ ಬ್ರಿಟನ್ನಿನ ಪಿ ಅಂಡ್ ಓ ಕಂಪನಿನ ಕೊಂಡ್ಕೊಂತು, ಅದ್ರ ಜೊತೆಗೇ ನ್ಯೂಯಾರ್ಕ್-ನ್ಯೂಜೆರ್ಸಿ, ಬಾಲ್ಟಿಮೋರ್, ಮಯಾಮಿ ಕಡೆ ಟರ್ಮಿನಲ್ ನಡೆಸೋ ಕೆಲಸನೂ ಬಂತು, ಬಂದರನ್ನೇ ಕೊಟ್ಬಿಟ್ರು ಅಂತ ದೇಶಾದ್ಯಂತ ಗಲಾಟೆ ಎದ್ದಿತು. ಆದ್ರೆ ಅಲ್ಲಿ ತಪಾಸಣೆ ಮಾಡೋ ಕಸ್ಟಮ್ಸು, ಕಾವಲಿರೋ ಕೋಸ್ಟ್ ಗಾರ್ಡು ಎರಡೂ ಅಮೆರಿಕಾ ಸರ್ಕಾರದ್ದೇ, ಮುಂಚೆ ನಡೆಸ್ತಿದ್ದ ಕಂಪನಿನೂ ಹೊರದೇಶದ್ದೇ. ಕೊನೆಗೆ ಸಂಸತ್ತಿನ ಒಂದು ಸಮಿತಿಲಿ 62-2 ಮತದಿಂದ ವಿರೋಧ ಬಂದು, ಡಿಪಿ ವರ್ಲ್ಡ್ ತಾನೇ ಅಮೆರಿಕಾ ಟರ್ಮಿನಲ್‌ಗಳಿಂದ ಹಿಂದೆ ಸರೀತು.

ಹಾಗಂತ ಭಯ ಪೂರ್ತಿ ಸುಳ್ಳು ಅಂತಲ್ಲ. ಟರ್ಮಿನಲ್ ನಡೆಸೋರಿಗೆ ಯಾವ ಹಡಗು ಯಾವಾಗ ಬರುತ್ತೆ, ಯಾವ ಕಂಟೇನರ್ ಎಲ್ಲಿದೆ ಎಲ್ಲಾ ಗೊತ್ತಿರುತ್ತೆ. ಅದಕ್ಕೇ ಗೇಟಲ್ಲಿ ಯಾರಿದ್ದಾರೆ ಅನ್ನೋದಷ್ಟೇ ಸಾಲ್ದು, ಕಂಪ್ಯೂಟರ್ ಮುಂದೆ ಯಾರು ಕೂತಿದ್ದಾರೆ ಅಂತಾನೂ ಕೇಳಿ. ನಮ್ಮ ಮಂಗಳೂರು ಬಂದರಿಗೆ ಸಿಐಎಸ್‌ಎಫ್ (ಕೇಂದ್ರ ಸರ್ಕಾರದ ಭದ್ರತಾ ಪಡೆ) ಕಾವಲಿದೆ, ಒಳ್ಳೇದೇ, ಆದ್ರೆ ಬಂದೂಕು ಹಿಡಿದು ಡೇಟಾ ಕಾಯೋಕಾಗಲ್ಲ.

ಆಮೇಲೆ ಸಹಿ ಹಾಕಿದ್ದು ಯಾರು ಅಂತ ನೋಡಿ. ಇದನ್ನ ಬಹಳ ಜನ ಬಿಟ್ಟೇಬಿಡ್ತಾರೆ, ನನಗಂತೂ ಇದೇ ಮುಖ್ಯ ಅನ್ಸುತ್ತೆ. ಆಸ್ಟ್ರೇಲಿಯಾದ ಡಾರ್ವಿನ್ ಬಂದರನ್ನ 2015ರಲ್ಲಿ ಚೀನಾದ ಲ್ಯಾಂಡ್‌ಬ್ರಿಡ್ಜ್ ಕಂಪನಿಗೆ 99 ವರ್ಷ ಲೀಸ್‌ಗೆ ಕೊಟ್ಟಿದ್ದು ಅಲ್ಲಿನ ಪ್ರಾಂತ್ಯ ಸರ್ಕಾರ, ಅದೇ ಊರಿಗೆ ಪ್ರತಿವರ್ಷ ಅಮೆರಿಕಾದ ಮರೀನ್ ಸೈನಿಕರು ಬರ್ತಾರೆ, ಆದ್ರೂ ಪ್ರಾಂತ್ಯಗಳು ಖಾಸಗಿ ಕಂಪನಿಗೆ ಕೊಡೋ ಇಂಥ ಆಸ್ತಿಗೆ ಕೇಂದ್ರ ಸರ್ಕಾರದ ವಿದೇಶಿ ಹೂಡಿಕೆ ಪರಿಶೀಲನೆ ಆಗ ಬೇಕಿರ್ಲಿಲ್ಲ! ಮುಂದಿನ ವರ್ಷ ಆ ರೂಲ್ ಬದಲಾಯಿಸಿದ್ರು, ಲೀಸ್ ಅಷ್ಟೊತ್ತಿಗೆ ಕೊಟ್ಟಾಗಿತ್ತು.

ಕೊನೇದಾಗಿ, ಬೇಡ ಅನ್ನೋ ಶಕ್ತಿ ಸರ್ಕಾರಕ್ಕೆ ಇದ್ಯಾ ನೋಡಿ. ಶ್ರೀಲಂಕಾದ ಹಂಬಂತೋಟ ಬಂದರು 2017ರಲ್ಲಿ 99 ವರ್ಷಕ್ಕೆ ಚೀನಾ ಕಂಪನಿಗೆ ಹೋಯ್ತು, ಆದ್ರೆ 2022ರ ಆಗಸ್ಟಲ್ಲಿ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯೋ ಚೀನಾದ ಯುವಾನ್ ವಾಂಗ್ 5 ಹಡಗು ಬಂದಾಗ ಒಳಗೆ ಬಿಟ್ಟಿದ್ದು ಶ್ರೀಲಂಕಾ ಸರ್ಕಾರನೇ. ಭಾರತ ಆತಂಕ ಹೇಳ್ಕೊಂಡ ಮೇಲೆ ಶ್ರೀಲಂಕಾ ಚೀನಾಗೆ ಸ್ವಲ್ಪ ತಡ ಮಾಡಿ ಅಂತ ಕೇಳಿತ್ತು, ಆಮೇಲೆ ಒಪ್ಕೊಂತು, ಆ ವರ್ಷ ಶ್ರೀಲಂಕಾ ಹತ್ರ ಸಾಲ ಕಟ್ಟೋಕೂ ಡಾಲರ್ ಇರ್ಲಿಲ್ಲ, ಅಂಥ ಹೊತ್ತಲ್ಲಿ ಬೇಡ ಅನ್ನೋದು ಕಷ್ಟ.