‘ದಿ ಇಪ್‌ಕ್ರೆಸ್ ಫೈಲ್’ ಮತ್ತೆ ನೋಡುವ ಮುನ್ನ

1965ರ ಈ ಬ್ರಿಟಿಷ್ ಗೂಢಚಾರಿ ಚಿತ್ರವನ್ನು ಮನೆಯಲ್ಲಿ ನೋಡುವುದಾದರೆ ಮೊದಲು ಚೌಕಟ್ಟಿನ ಅಳತೆ ನೋಡಿಕೊಳ್ಳಿ. ಮೂಲ 2.35:1, ಅಂದರೆ ಎತ್ತರದ 2.35 ಪಟ್ಟು ಅಗಲ. ನಿರ್ದೇಶಕ ಸಿಡ್ನಿ ಫ್ಯೂರಿ, ಛಾಯಾಗ್ರಾಹಕ ಆಟೊ ಹೆಲರ್ ಪಾತ್ರಗಳನ್ನು ಮೂಲೆಗೆ ತಳ್ಳಿ, ಕ್ಯಾಮೆರಾದ ಮುಂದೆ ದೀಪವನ್ನೋ ಯಾರದೋ ಭುಜವನ್ನೋ ಅಡ್ಡ ನಿಲ್ಲಿಸುತ್ತಾರೆ. 4:3ಕ್ಕೆ ಕತ್ತರಿಸಿದ ಪ್ರತಿಯಲ್ಲಿ ಈ ಆಟವೇ ಮಾಯ. ಟಿವಿಯಲ್ಲಿ ಝೂಮ್ ಒತ್ತಿದರೂ ಅದೇ ಗತಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಇದ್ದರೆ ಇರಲಿ ಬಿಡಿ.

ಚಿತ್ರದಲ್ಲಿ ಕಾಣುವ ಕಾಳುಕಾಳು (ಫಿಲ್ಮ್ ಗ್ರೇನ್) ದೋಷವಲ್ಲ. ಇದನ್ನು ಚಿತ್ರೀಕರಿಸಿದ ಟೆಕ್ನಿಸ್ಕೋಪ್ ಪದ್ಧತಿಯಲ್ಲಿ ಒಂದು ಫ್ರೇಮಿಗೆ ಸಿಗುವುದು ಫಿಲ್ಮ್ ಅಂಚಿನ 4 ರಂಧ್ರಗಳ ಬದಲು 2 ರಂಧ್ರಗಳಷ್ಟೇ ಎತ್ತರದ ಫಿಲ್ಮ್. ಹಿಗ್ಗಿಸಿದಾಗ ಕಾಳು ಎದ್ದು ಕಾಣಲೇಬೇಕು. ಅದನ್ನು ಅಳಿಸಲು ಹೊರಟರೆ ಮುಖಗಳು ಮೇಣದಂತಾಗುತ್ತವೆ. ಹಾಗಾಗಿ ಟಿವಿಯಲ್ಲಿ ಕಾಳು ಅಳಿಸುವ ನಾಯ್ಸ್ ರಿಡಕ್ಷನ್, ಚಲನೆಯನ್ನು ಕೃತಕವಾಗಿ ನಯಗೊಳಿಸುವ ಮೋಷನ್ ಸ್ಮೂದಿಂಗ್ ಎರಡನ್ನೂ ಆಫ್ ಮಾಡಿ. ಶಾರ್ಪ್‌ನೆಸ್ ಇಳಿಸುತ್ತಾ ಬನ್ನಿ, ಅಕ್ಷರಗಳ ಸುತ್ತ ಬಿಳಿ ಗೆರೆ ಹೋದಲ್ಲಿ ನಿಲ್ಲಿಸಿ. ಪ್ಲೇಯರಿನಲ್ಲಿ 24ಪಿ (ಸೆಕೆಂಡಿಗೆ 24 ಫ್ರೇಮ್) ಔಟ್‌ಪುಟ್ ಆನ್ ಇರಲಿ.

ಪಾಲ್ (ಬ್ರಿಟನ್, ಭಾರತ ಮೊದಲಾದೆಡೆಯ ಟಿವಿ ಪದ್ಧತಿ) ಡಿವಿಡಿಯಾದರೆ ಇನ್ನೊಂದು ತೊಡಕು: ಸೆಕೆಂಡಿಗೆ 24 ಫ್ರೇಮಿನ ಚಿತ್ರ 25ರಲ್ಲಿ ಓಡಿ, 109 ನಿಮಿಷದ್ದು ಸುಮಾರು 105ಕ್ಕೇ ಮುಗಿಯುತ್ತದೆ. ಶ್ರುತಿ ಸರಿಪಡಿಸದ ಪ್ರತಿಯಲ್ಲಿ ನಾಯಕ ನಟ ಮೈಕೇಲ್ ಕೇನ್ ದನಿಯೂ ಜಾನ್ ಬ್ಯಾರಿ ಸಂಗೀತದ ಸಿಂಬಲೋಮ್ (ಸಂತೂರಿನಂಥ ತಂತಿವಾದ್ಯ) ನಾದವೂ ಕೊಂಚ ಏರುತ್ತವೆ. ಬ್ಲೂ-ರೇ ಮೇಲು, ಆದರೆ ಬ್ರಿಟನ್ನಿನ ಡಿಸ್ಕ್ ‘ರೀಜನ್ ಬಿ’ ಎಂಬ ಪ್ರದೇಶದ ಪ್ಲೇಯರುಗಳಲ್ಲಷ್ಟೇ ಓಡುವಂತೆ ಬೀಗ ಹಾಕಿರಬಹುದು, ಕೊಳ್ಳುವ ಮೊದಲೇ ಪ್ಲೇಯರ್ ಪರೀಕ್ಷಿಸಿ. ಧ್ವನಿ ಮೆನುವಿನಲ್ಲಿ ಮೋನೊ (ಒಂದೇ ಚಾನೆಲ್‌ನ ಮೂಲ ಧ್ವನಿ) ಇದ್ದರೆ ಅದನ್ನೇ ಆರಿಸಿ.